ಹಗುರ ಸಾಧನಗಳಿಂದ ಕಲ್ಪಿತಯಂತ್ರಗಳ ಗುಚ್ಛ: ನಮ್ಮ ಕಡೆಯ ಕಾಲೇಜುಗಳ ದೃಷ್ಟಿಯಿಂದ ಒಂದು ವಿವೇಚನೆ

1. ವಿಷಯಪ್ರವೇಶ

ಚಿಂಚೋಳಿ ತಾಲ್ಲೂಕಿನ ಸುಲೇಪೇಟದಿಂದಲೋ ಅದರ ಸುತ್ತಣ ಹಳ್ಳಿಗಳಿಂದಲೋ ಸೇಡಮಿಗೆ, ಕಲಬುರಗಿಗೆ ವಿದ್ಯಾಭ್ಯಾಸಕ್ಕೆಂದು ಬರುವ ವಿದ್ಯಾರ್ಥಿಯು ಗಣಕಶಾಸ್ತ್ರವನ್ನು ಆರಿಸಿಕೊಂಡಾಗ ಮೊದಲು ಎದುರಾಗುವ ಕೊರತೆ ಪುಸ್ತಕದ್ದಲ್ಲ, ಯಂತ್ರದ್ದು. ಕಾರ್ಯಾಚರಣ ವ್ಯವಸ್ಥೆ, ದತ್ತಸಂಚಯ, ಗಣಕಜಾಲ ಎಂಬ ವಿಷಯಗಳು ಪಾಠಕ್ರಮದಲ್ಲಿವೆ. ಇವನ್ನು ನಿಜವಾಗಿ ಕಲಿಯಬೇಕಾದರೆ ತಾನೇ ಒಡೆಯನಾಗಿರುವ, ಕೆಡಿಸಿದರೂ ಮತ್ತೆ ಕಟ್ಟಿಕೊಳ್ಳಬಹುದಾದ ಯಂತ್ರವೊಂದು ಬೇಕು. ಆದರೆ ಪ್ರಯೋಗಶಾಲೆಯ ಯಂತ್ರವನ್ನು ಮರುದಿನ ಬೇರೊಂದು ತರಗತಿ ಬಳಸಬೇಕಾಗಿರುವುದರಿಂದ ಅದನ್ನು ಯಾರೂ ಕೆಡಿಸಕೂಡದು. ಹೀಗೆ ವಿದ್ಯಾರ್ಥಿಯು ದಡದಲ್ಲಿ ನಿಂತು ಈಜು ಕಲಿಯಬೇಕಾಗುತ್ತದೆ.

ಈ ಇಕ್ಕಟ್ಟಿಗೆ ಪರಿಹಾರವೊಂದುಂಟು. ಸಾಧಾರಣ ದರ್ಜೆಯ ಕೆಲವು ಗಣಕಗಳನ್ನು ಒಂದುಗೂಡಿಸಿ, ಅವುಗಳ ಮೇಲೆ ಬೇಕಾದಷ್ಟು ಕಲ್ಪಿತಯಂತ್ರಗಳನ್ನು ನಡೆಸುವುದೇ ಆ ಪರಿಹಾರ. ವರ್ಚುವಲ್ ಮೆಷಿನ್ ಎಂಬ ಹೆಸರಿಗೆ ನಾವು ಈ ಲೇಖನದಲ್ಲಿ ಕಲ್ಪಿತಯಂತ್ರ ಎಂಬ ಮಾತನ್ನೂ, ಕ್ಲಸ್ಟರ್ ಎಂಬುದಕ್ಕೆ ಗುಚ್ಛ ಎಂಬ ಮಾತನ್ನೂ ಬಳಸುತ್ತೇವೆ. ಇದಕ್ಕೆ ಬೇಕಾದ ತಂತ್ರಾಂಶವೆಲ್ಲ ಮುಕ್ತವಾಗಿ ದೊರೆಯುತ್ತದೆ. ಆದರೆ ದೊರೆಯುವುದು ಬೇರೆ, ತಿಳಿದು ಬಳಸುವುದು ಬೇರೆ. ಅದರ ತತ್ತ್ವವೇನು, ಲೆಕ್ಕಾಚಾರವೇನು, ಎಲ್ಲಿ ಎಡವುವ ಭಯವಿದೆ ಎಂಬುದನ್ನು ತಿಳಿಸುವುದೇ ನಮ್ಮ ಉದ್ದೇಶ.

2. ಕಲ್ಪಿತಯಂತ್ರವೆಂದರೇನು?

ಕಲ್ಪಿತಯಂತ್ರವು ಇಂದಿನ ಕಲ್ಪನೆಯಲ್ಲ. 1960ರ ದಶಕದಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು ತಮ್ಮ ಒಂದೊಂದು ದೊಡ್ಡ ಗಣಕವನ್ನು ಹಲವು ಮಂದಿ ಏಕಕಾಲದಲ್ಲಿ ಬಳಸುವಂತೆ ಮಾಡಲು ಇದನ್ನು ರೂಪಿಸಿದರು, 1972ರಲ್ಲಿ ವಿ.ಎಂ./370 ಎಂಬ ಹೆಸರಿನಿಂದ ಅದು ಹೊರಬಂದಿತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಕಲ್ಪಿತಯಂತ್ರಕ್ಕೆ ಮೂರು ಲಕ್ಷಣಗಳನ್ನು ನಿರೂಪಿಸಿದರು. ಮೊದಲನೆಯದು ಸಾಮ್ಯ: ಅದರೊಳಗೆ ನಡೆಯುವ ಕ್ರಮವಿಧಿಗೆ ತಾನು ನಿಜವಾದ ಯಂತ್ರದ ಮೇಲೆಯೇ ಇರುವಂತೆ ತೋರಬೇಕು. ಎರಡನೆಯದು ನಿಯಂತ್ರಣ: ಮೆಮೊರಿ ಮೊದಲಾದ ಸಂಪನ್ಮೂಲಗಳ ಹಿಡಿತ ಮೇಲ್ವಿಚಾರಕ ತಂತ್ರಾಂಶದಲ್ಲಿಯೇ ಇರಬೇಕು. ಮೂರನೆಯದು ದಕ್ಷತೆ: ಆದೇಶಗಳಲ್ಲಿ ಬಹುಪಾಲು ಮೇಲ್ವಿಚಾರಕನ ಅಡ್ಡಿಯಿಲ್ಲದೆ ನೇರವಾಗಿ ಪ್ರೊಸೆಸರ್ ಮೇಲೆ ನಡೆಯಬೇಕು.

ನಮ್ಮ ಮೇಜಿನ ಮೇಲಿರುವ ಸಾಮಾನ್ಯ ಗಣಕಗಳ ಪ್ರೊಸೆಸರುಗಳಿಗೆ ಬಹುಕಾಲ ಈ ಲಕ್ಷಣಗಳನ್ನು ಸರಳವಾಗಿ ಪೂರೈಸುವ ಸಾಮರ್ಥ್ಯವಿರಲಿಲ್ಲ. 2005 ಮತ್ತು 2006ರಲ್ಲಿ ಇಂಟೆಲ್ ಹಾಗೂ ಎ.ಎಂ.ಡಿ. ಸಂಸ್ಥೆಗಳು ಅದಕ್ಕೆಂದೇ ಹೊಸ ಆದೇಶಗಳನ್ನು ಸೇರಿಸಿದ ಮೇಲೆ ದಾರಿ ಸುಗಮವಾಯಿತು. ಈ ಆದೇಶಗಳನ್ನು ಬಳಸಿಕೊಳ್ಳುವ ಕೆ.ವಿ.ಎಂ. ಎಂಬ ಭಾಗವು 2007ರಲ್ಲಿ ಲಿನಕ್ಸ್ ಕರ್ನಲ್ಲಿನ 2.6.20ನೆಯ ಆವೃತ್ತಿಯಲ್ಲಿ ಸೇರಿತು. ಅಂದಿನಿಂದ ಈ ಆದೇಶಗಳುಳ್ಳ ಪ್ರೊಸೆಸರಿನ ಮೇಲೆ ಲಿನಕ್ಸ್ ಇರುವ ಪ್ರತಿಯೊಂದು ಯಂತ್ರವೂ ಕಲ್ಪಿತಯಂತ್ರಗಳಿಗೆ ಆಶ್ರಯ ಕೊಡಬಲ್ಲ ಯಂತ್ರವಾಯಿತೆಂದರೆ ತಪ್ಪಾಗದು. ಡಿಸ್ಕ್, ಜಾಲದ ಕಾರ್ಡು ಮೊದಲಾದ ಬಿಡಿಭಾಗಗಳನ್ನು ಅನುಕರಿಸುವ ಕೆಲಸವನ್ನು ಫ್ರಾನ್ಸಿನ ಫಾಬ್ರೀಸ್ ಬೆಲಾರ್ ಅವರು 2003ರಲ್ಲಿ ಹೊರತಂದ ಕೆಮು ಎಂಬ ತಂತ್ರಾಂಶವು ಮಾಡುತ್ತದೆ.

ಇದಕ್ಕಿಂತಲೂ ಹಗುರವಾದ ಮತ್ತೊಂದು ಬಗೆಯಿದೆ. ಅದನ್ನು ಕಂಟೈನರ್ ಎನ್ನುತ್ತಾರೆ. ಇವೆರಡರ ಭೇದವನ್ನು ಮನೆಯ ಮಾತಿನಲ್ಲಿ ಹೀಗೆ ಹೇಳಬಹುದು. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಬೇರೆ ಒಲೆ ಹೂಡಿಕೊಂಡಂತೆ ಕಲ್ಪಿತಯಂತ್ರ. ಪ್ರತಿಯೊಂದಕ್ಕೂ ತನ್ನದೇ ಕರ್ನಲ್ ಇರುತ್ತದೆ. ಕೋಣೆಗಳು ಬೇರೆಯಾಗಿದ್ದರೂ ಒಲೆಯೊಂದೇ ಆಗಿರುವಂತೆ ಕಂಟೈನರ್. ಎಲ್ಲಕ್ಕೂ ಆಶ್ರಯಯಂತ್ರದ ಕರ್ನಲ್ಲೇ ಗತಿ. ಒಲೆ ಒಂದಾದಾಗ ಸೌದೆ ಉಳಿಯುತ್ತದೆ. ಆದರೆ ಆ ಒಲೆ ಕೆಟ್ಟರೆ ಎಲ್ಲರಿಗೂ ಉಪವಾಸ. ಆದುದರಿಂದ ಕರ್ನಲ್ಲನ್ನೇ ತಿದ್ದಿ ಕಲಿಯುವ ವಿದ್ಯಾರ್ಥಿಗೆ ಕಲ್ಪಿತಯಂತ್ರವನ್ನೂ, ದತ್ತಸಂಚಯವನ್ನೋ ಜಾಲಪುಟವನ್ನೋ ನಡೆಸುವ ವಿದ್ಯಾರ್ಥಿಗೆ ಕಂಟೈನರನ್ನೂ ಕೊಡುವುದು ಯುಕ್ತ.

3. ಗುಚ್ಛವೇಕೆ? ಕರ್ನಾಟಕದಲ್ಲಿ ಇದರ ಪೂರ್ವಪರಂಪರೆ

ಒಂದೇ ದೊಡ್ಡ ಯಂತ್ರವನ್ನು ಕೊಳ್ಳಬಾರದೇಕೆ ಎಂದು ವಾಚಕರು ಕೇಳಬಹುದು. ದೊಡ್ಡ ಯಂತ್ರಕ್ಕೆ ಬೆಲೆ ಹೆಚ್ಚು ಎಂಬುದು ಒಂದು ಉತ್ತರ. ಅದು ನಿಂತರೆ ಎಲ್ಲವೂ ನಿಲ್ಲುತ್ತದೆ ಎಂಬುದು ಎರಡನೆಯ ಉತ್ತರ. ಮುಂದೆ ಅಗತ್ಯ ಹೆಚ್ಚಿದಾಗ ಅದರ ಬದಲು ಇನ್ನೂ ದೊಡ್ಡದನ್ನೇ ತರಬೇಕೆಂಬುದು ಮೂರನೆಯದು. ಶಹಾಬಾದಿನ ಕಲ್ಲು ಹಾಸಿದ ನೆಲವನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಒಂದು ಚಪ್ಪಡಿ ಒಡೆದರೆ ಅದನ್ನಷ್ಟೇ ತೆಗೆದು ಬೇರೊಂದನ್ನು ಕೂಡಿಸುತ್ತಾರೆ. ಅಂಗಳ ಬೆಳೆದರೆ ಇನ್ನು ನಾಲ್ಕು ಚಪ್ಪಡಿ ತರುತ್ತಾರೆ. ಗುಚ್ಛವೂ ಹೀಗೆಯೇ ಬೆಳೆಯಬೇಕು.

ಸಣ್ಣ ಯಂತ್ರಗಳನ್ನು ಕೂಡಿಸಿ ದೊಡ್ಡ ಕೆಲಸ ಮಾಡುವ ವಿಚಾರದಲ್ಲಿ ಕರ್ನಾಟಕವು ಹಿಂದೆ ಉಳಿದುದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಫ್ಲೊಸಾಲ್ವರ್ ಎಂಬ ಸಮಾಂತರ ಗಣಕವು ಸಿದ್ಧವಾಯಿತು. ಪೇಟೆಯಲ್ಲಿ ದೊರೆಯುವ ಸಾಮಾನ್ಯ ಮೈಕ್ರೊಪ್ರೊಸೆಸರುಗಳನ್ನೇ ಜೋಡಿಸಿ ದ್ರವಚಲನೆಯ ಸಮೀಕರಣಗಳನ್ನು ಬಿಡಿಸುವುದು ಅದರ ಗುರಿಯಾಗಿತ್ತು. ಭಾರತದ ಮೊದಲ ಸಮಾಂತರ ಗಣಕವೆಂದು ಅದನ್ನು ಗಣಿಸುತ್ತಾರೆ. 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿ ಸ್ಟರ್ಲಿಂಗ್ ಮತ್ತು ಬೆಕರ್ ಎಂಬವರು ಸಾಮಾನ್ಯ ಗಣಕಗಳನ್ನೂ ಲಿನಕ್ಸನ್ನೂ ಬಳಸಿ ಬಿಯೊವುಲ್ಫ್ ಎಂಬ ಗುಚ್ಛವನ್ನು ಕಟ್ಟಿದರು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ಪರಮ್ ಪ್ರವೇಗವು 3.3 ಪೆಟಾಫ್ಲಾಪ್ ಸಾಮರ್ಥ್ಯದ್ದು. ಅದು ಕೂಡ ಮೂಲತಃ ಅನೇಕ ಯಂತ್ರಗಳ ಗುಚ್ಛವೇ. ಆದರೆ ಒಂದು ವ್ಯತ್ಯಾಸವನ್ನು ಮರೆಯಕೂಡದು. ಅವುಗಳಲ್ಲಿ ಒಂದು ದೊಡ್ಡ ಲೆಕ್ಕವನ್ನು ಅನೇಕ ಯಂತ್ರಗಳಿಗೆ ಹಂಚುತ್ತಾರೆ. ನಾವು ಇಲ್ಲಿ ಹೇಳುವ ಗುಚ್ಛದಲ್ಲಿ ಅನೇಕ ಸಣ್ಣ ಯಂತ್ರಗಳನ್ನು ಕೆಲವು ಯಂತ್ರಗಳ ಮೇಲೆ ಕೂರಿಸುತ್ತೇವೆ.

4. ಸಾಮರ್ಥ್ಯದ ಲೆಕ್ಕ

ಮೂರು ಯಂತ್ರಗಳಿವೆಯೆಂದು ಇಟ್ಟುಕೊಳ್ಳೋಣ. ಒಂದೊಂದಕ್ಕೂ 32 ಜಿ.ಬಿ. ಮೆಮೊರಿ. ಒಟ್ಟು 96 ಜಿ.ಬಿ. ಎಂದು ಹಿಗ್ಗುವುದು ತಪ್ಪು. ಆಶ್ರಯಯಂತ್ರದ ಸ್ವಂತ ಬಳಕೆಗೆ ತಲಾ 4 ಜಿ.ಬಿ. ಬಿಟ್ಟರೆ ಉಳಿಯುವುದು ತಲಾ 28. ಅಲ್ಲದೆ ಯಾವುದಾದರೊಂದು ಯಂತ್ರ ಕೆಟ್ಟಾಗ ಅದರ ಹೊರೆಯನ್ನು ಉಳಿದೆರಡು ಹೊರಬೇಕಾದುದರಿಂದ ಬಳಸಬಹುದಾದ ಮೆಮೊರಿಯು 2 × 28, ಅಂದರೆ 56 ಜಿ.ಬಿ. ಮಾತ್ರ. ಒಬ್ಬೊಬ್ಬ ವಿದ್ಯಾರ್ಥಿಗೆ 2 ಜಿ.ಬಿ.ಯ ಒಂದು ಕಲ್ಪಿತಯಂತ್ರವಾದರೆ 28 ವಿದ್ಯಾರ್ಥಿಗಳಿಗೆ ಅವಕಾಶವಾಗುತ್ತದೆ. ನಾಲ್ಕನೆಯ ಯಂತ್ರವನ್ನು ಸೇರಿಸಿದರೆ 3 × 28 ÷ 2, ಅಂದರೆ 42 ವಿದ್ಯಾರ್ಥಿಗಳಿಗೆ ಸಾಕು. ಹೀಗೆ ಹೆಚ್ಚುವರಿಯಾಗಿ ಸೇರಿಸಿದ ಪ್ರತಿ ಯಂತ್ರವೂ 14 ವಿದ್ಯಾರ್ಥಿಗಳಿಗೆ ಎಡೆ ಮಾಡಿಕೊಡುತ್ತದೆ. ವಿಸ್ತಾರಶೀಲತೆ ಎಂದರೆ ಇದೇ: ಕಟ್ಟಿದ್ದನ್ನು ಕೆಡವದೆ, ಸೇರಿಸಿದಷ್ಟಕ್ಕೆ ತಕ್ಕ ಫಲ ಪಡೆಯುವುದು.

ಡಿಸ್ಕಿನ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚಿನ ಉಳಿತಾಯ ಸಾಧ್ಯ. ಒಂದು ಕಲ್ಪಿತಯಂತ್ರದ ಡಿಸ್ಕು 8 ಜಿ.ಬಿ. ಎಂದಾದರೆ 28ಕ್ಕೆ 224 ಜಿ.ಬಿ. ಬೇಕು. ಆದರೆ ಎಲ್ಲವುಗಳ ಮೂಲವೂ ಒಂದೇ ಆಗಿರುವುದರಿಂದ, ಮೂಲಪ್ರತಿಯೊಂದನ್ನು ಯಾರೂ ತಿದ್ದದಂತೆ ಇಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾಡಿದ ಬದಲಾವಣೆಗಳನ್ನಷ್ಟೇ ಬೇರೆಯಾಗಿ ಬರೆದಿಡಬಹುದು. ಒಬ್ಬೊಬ್ಬರ ಬದಲಾವಣೆ 1 ಜಿ.ಬಿ. ಎಂದರೆ ಒಟ್ಟು 8 + 28, ಅಂದರೆ 36 ಜಿ.ಬಿ. ಸಾಕು. ವಿದ್ಯಾರ್ಥಿಯು ತನ್ನ ಯಂತ್ರವನ್ನು ಪೂರ್ತಿಯಾಗಿ ಕೆಡಿಸಿಕೊಂಡರೂ ಆ ಬದಲಾವಣೆಗಳನ್ನು ಅಳಿಸಿದರಾಯಿತು. ಕೆಲವೇ ಕ್ಷಣಗಳಲ್ಲಿ ಹೊಸ ಯಂತ್ರ ಕೈಗೆ ಬರುತ್ತದೆ. ಮೂಲಪ್ರತಿಯು ಕೆಟ್ಟರೆ ಮಾತ್ರ 28ಕ್ಕೆ 28ಯೂ ಕೆಡುವುದರಿಂದ ಅದರ ನಕಲೊಂದನ್ನು ಪ್ರತ್ಯೇಕವಾಗಿ ಕಾಪಾಡಬೇಕು.

5. ಎರಡು ಯಂತ್ರಗಳ ಗುಚ್ಛವು ಒಂದಕ್ಕಿಂತ ಕೀಳು

ಇಲ್ಲಿ ನಾವು ಕಂಡ ಒಂದು ಅನುಭವವನ್ನು ಹೇಳುವುದು ಅಪ್ರಸ್ತುತವಾಗದು. ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಎರಡು ಯಂತ್ರಗಳನ್ನು ಗುಚ್ಛವಾಗಿ ಜೋಡಿಸಿದ್ದೆವು. ಕಲ್ಪಿತಯಂತ್ರಗಳ ಡಿಸ್ಕುಗಳು ಮೂರನೆಯದೊಂದು ಹಳೆಯ ಗಣಕದಲ್ಲಿದ್ದು, ಎರಡಕ್ಕೂ ಲಭ್ಯವಾಗಿದ್ದವು. ಪರಸ್ಪರ ಕುಶಲ ವಿಚಾರಿಸಿಕೊಳ್ಳಲೆಂದು ಆ ಎರಡು ಯಂತ್ರಗಳ ನಡುವೆ ಒಂದು ಪ್ರತ್ಯೇಕ ತಂತಿಯನ್ನು ಎಳೆದಿದ್ದೆವು. ಒಂದು ಸಂಜೆ, ಕಸ ಗುಡಿಸುವಾಗ ಇರಬಹುದು, ಆ ತಂತಿ ಸಡಿಲವಾಯಿತು. ಮೊದಲನೆಯ ಯಂತ್ರವು ಎರಡನೆಯದು ಸತ್ತಿತೆಂದು ತಿಳಿಯಿತು. ಎರಡನೆಯದು ಮೊದಲನೆಯದು ಸತ್ತಿತೆಂದು ತಿಳಿಯಿತು. ವಿದ್ಯಾರ್ಥಿಗಳ ಪ್ರಬಂಧಗಳೂ ಕ್ರಮವಿಧಿಗಳೂ ಇದ್ದ ಒಂದೇ ಕಲ್ಪಿತಯಂತ್ರವನ್ನು ಎರಡೂ ಬೇರೆಬೇರೆಯಾಗಿ ನಡೆಸತೊಡಗಿದವು. ಒಂದೇ ಡಿಸ್ಕಿನ ಮೇಲೆ ಇಬ್ಬರು ಲೇಖಕರು ಒಬ್ಬರನ್ನೊಬ್ಬರು ಕಾಣದೆ ರಾತ್ರಿಯೆಲ್ಲ ಬರೆದರು. ಬೆಳಗಾಗುವಷ್ಟರಲ್ಲಿ ಯಾವ ಕಡತವೂ ಓದಲು ಬರುವ ಸ್ಥಿತಿಯಲ್ಲಿರಲಿಲ್ಲ. ಕಾಪುಪ್ರತಿಯೂ ಅದೇ ಡಿಸ್ಕಿನಲ್ಲಿತ್ತು. ಹದಿನೈದು ದಿನಗಳ ಶ್ರಮವನ್ನು ಕಳೆದುಕೊಂಡ ವಿದ್ಯಾರ್ಥಿಗಳು ನಮ್ಮನ್ನು ಏನೂ ಅನ್ನಲಿಲ್ಲ. ಅವರು ಸುಮ್ಮನೆ ಮತ್ತೆ ಬರೆಯಲು ಕುಳಿತರು. ತಪ್ಪು ತಂತಿಯದಲ್ಲ, ಸಿಬ್ಬಂದಿಯದಲ್ಲ, ನಮ್ಮದೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ಅಪಾಯಕ್ಕೆ ಪರಿಹಾರವು ನಮ್ಮ ರೈಲುಮಾರ್ಗಗಳ ಇತಿಹಾಸದಲ್ಲಿಯೇ ಇದೆ. ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ಹೋಗುವ ಮಾರ್ಗವು 1874ರಲ್ಲಿ ನಿಜಾಮರ ರೈಲ್ವೆಯಾಗಿ ತೆರೆಯಿತು. ಏಕಪಥದ ಮಾರ್ಗಗಳಲ್ಲಿ ಎರಡು ನಿಲ್ದಾಣಗಳ ನಡುವಣ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ತಡೆಯಲು ಟೋಕನ್ ಪದ್ಧತಿಯನ್ನು ಬಳಸುತ್ತಿದ್ದರು. ಆ ಹಳಿಯ ಟೋಕನ್ ಕೈಗೆ ಬಾರದೆ ಯಾವ ಚಾಲಕನೂ ಗಾಡಿಯನ್ನು ಮುಂದಕ್ಕೆ ಬಿಡಕೂಡದು. ಒಂದು ಟೋಕನ್ ಹೊರಗಿರುವವರೆಗೆ ಎರಡನೆಯದು ಪೆಟ್ಟಿಗೆಯಿಂದ ಹೊರಬಾರದು. ಎದುರಿನ ನಿಲ್ದಾಣದಿಂದ ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಹಳಿ ಖಾಲಿಯಿದೆಯೆಂದು ಊಹಿಸುವ ಸ್ಟೇಷನ್ ಮಾಸ್ತರನು ಆ ಹುದ್ದೆಗೆ ತಕ್ಕವನಲ್ಲ. ನಮ್ಮ ಎರಡು ಯಂತ್ರಗಳು ಮಾಡಿದ್ದು ಇದೇ ಊಹೆ.

ಗುಚ್ಛದಲ್ಲಿ ಟೋಕನ್ ಕೊಡುವ ಅಧಿಕಾರವು ಬಹುಮತಕ್ಕೆ ಸೇರಿದ್ದು. ಯಂತ್ರಗಳ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚಿನ ಯಂತ್ರಗಳು ಪರಸ್ಪರ ಕಾಣುತ್ತಿದ್ದರೆ ಮಾತ್ರ ಆ ಪಕ್ಷವು ಕೆಲಸ ನಡೆಸಬಹುದು. ಅಲ್ಪಮತದಲ್ಲಿ ಉಳಿದದ್ದು ತನ್ನಷ್ಟಕ್ಕೆ ತಾನೇ ನಿಲ್ಲಬೇಕು. ಒಂದು ಸಮೂಹದಲ್ಲಿ ಎರಡು ಬಹುಮತಗಳು ಏಕಕಾಲದಲ್ಲಿ ಇರುವುದು ಅಸಾಧ್ಯವಾದುದರಿಂದ ಎರಡು ಟೋಕನ್‌ಗಳು ಹೊರಬೀಳುವ ಸಂಭವವಿಲ್ಲ. 3 ಯಂತ್ರಗಳಲ್ಲಿ ಬಹುಮತ 2. ಒಂದು ಕೆಟ್ಟರೆ ಸಹಿಸಬಹುದು. 4ರಲ್ಲಿ ಬಹುಮತ 3. ಆಗಲೂ ಕೆಡಬಹುದಾದದ್ದು ಒಂದೇ. 5ರಲ್ಲಿ ಬಹುಮತ 3, ಎರಡು ಕೆಡಬಹುದು. ಮತಗಳ ಸಂಖ್ಯೆ ಬೆಸವಾಗಿರಲಿ ಎಂಬ ನಿಯಮ ಹುಟ್ಟಿದ್ದು ಹೀಗೆ.

ಇದನ್ನು ಸಂಭವನೀಯತೆಯ ಲೆಕ್ಕದಿಂದಲೂ ಪರೀಕ್ಷಿಸೋಣ. ಪ್ರತಿಯೊಂದು ಯಂತ್ರವೂ ನೂರು ದಿನಗಳಲ್ಲಿ ಒಂದು ದಿನ ಕೆಟ್ಟಿರುತ್ತದೆಂದೂ, ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲವೆಂದೂ ಭಾವಿಸಿರಿ. ಒಂಟಿ ಯಂತ್ರದ ಕೆಲಸ ನಿಲ್ಲುವ ಸಂಭವ 0.01. ಎರಡು ಯಂತ್ರಗಳ ಗುಚ್ಛದಲ್ಲಿ ಬಹುಮತಕ್ಕೆ ಎರಡೂ ಬೇಕು. ಆದುದರಿಂದ ನಿಲ್ಲುವ ಸಂಭವ 1 − 0.99 × 0.99, ಅಂದರೆ 0.0199. ಒಂಟಿ ಯಂತ್ರಕ್ಕಿಂತ ಇದು ಹೆಚ್ಚು ಕಡಮೆ ಎರಡರಷ್ಟು ಕೆಟ್ಟದ್ದು! ಮೂರರ ಗುಚ್ಛವು ನಿಲ್ಲಬೇಕಾದರೆ ಎರಡಾದರೂ ಕೆಡಬೇಕು; ಅದರ ಸಂಭವ 3 × 0.01 × 0.01 × 0.99 + 0.01 × 0.01 × 0.01, ಅಂದರೆ ಸುಮಾರು 0.0003. ಎರಡರಿಂದ ಮೂರಕ್ಕೆ ಹೋದಾಗ ಭದ್ರತೆಯು ಅರುವತ್ತು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಮೂರನೆಯ ದೊಡ್ಡ ಯಂತ್ರಕ್ಕೆ ಹಣವಿಲ್ಲದಿದ್ದರೆ, ಕಲ್ಪಿತಯಂತ್ರಗಳನ್ನು ಹೊರದೆ ಮತವನ್ನಷ್ಟೇ ಹಾಕುವ ಒಂದು ಪುಟ್ಟ ಗಣಕವಾದರೂ ಸಾಕು. ನಮ್ಮಲ್ಲಿದ್ದ ಡಿಸ್ಕಿನ ಹಳೆಯ ಗಣಕಕ್ಕೇ ಒಂದು ಮತವನ್ನು ಕೊಟ್ಟಿದ್ದರೆ ಆ ರಾತ್ರಿಯ ಅನಾಹುತ ತಪ್ಪುತ್ತಿತ್ತು.

ಬಹುಮತದ ಜೊತೆಗೆ ಇನ್ನೊಂದು ಕಾವಲು ಬೇಕು. ಅದಕ್ಕೆ ಬೇಲಿ ಹಾಕುವುದು ಎಂದು ಹೆಸರು. ಅಲ್ಪಮತದ ಯಂತ್ರವು ನಿಲ್ಲಬೇಕೆಂಬ ನಿಯಮವಿದ್ದರೂ, ಅದು ಅರೆಜೀವವಾಗಿ ಬರೆಯುತ್ತಲೇ ಇದ್ದರೇನು ಗತಿ? ಅದಕ್ಕಾಗಿ ಪ್ರತಿ ಯಂತ್ರದಲ್ಲಿಯೂ ಒಂದು ಕಾವಲುಗಡಿಯಾರವನ್ನು ಇಡುತ್ತಾರೆ. ಯಂತ್ರವು ಬಹುಮತದಲ್ಲಿರುವವರೆಗೆ ಆ ಗಡಿಯಾರಕ್ಕೆ ಮತ್ತೆ ಮತ್ತೆ ಕೀಲಿ ಕೊಡುತ್ತಿರುತ್ತದೆ. ಕೀಲಿ ತಪ್ಪಿದರೆ ಗಡಿಯಾರವು ಯಂತ್ರವನ್ನೇ ಮೊದಲಿನಿಂದ ಎಬ್ಬಿಸುತ್ತದೆ. ಉಳಿದ ಯಂತ್ರಗಳು ಅಷ್ಟು ಹೊತ್ತು ಕಾದ ಮೇಲೆಯೇ ಅದರ ಕೆಲಸವನ್ನು ತಾವು ಕೈಗೆತ್ತಿಕೊಳ್ಳುತ್ತವೆ.

6. ನಡೆಯುತ್ತಿರುವ ಯಂತ್ರದ ಸ್ಥಳಾಂತರ

ಗುಚ್ಛದ ಒಂದು ಯಂತ್ರವನ್ನು ದುರಸ್ತಿಗೆ ನಿಲ್ಲಿಸಬೇಕಾದಾಗ ಅದರ ಮೇಲಿನ ಕಲ್ಪಿತಯಂತ್ರಗಳನ್ನು ನಿಲ್ಲಿಸದೆಯೇ ಮತ್ತೊಂದಕ್ಕೆ ಸಾಗಿಸಬಹುದು. ಇದು ಮೊದಲು ಕೇಳಿದವರಿಗೆ ಇಂದ್ರಜಾಲದಂತೆ ತೋರಿದರೂ ಅದರ ಹಿಂದಿರುವುದು ಗುಣೋತ್ತರ ಶ್ರೇಢಿಯೊಂದೇ.

ಕಲ್ಪಿತಯಂತ್ರದ ಮೆಮೊರಿ 2,000 ಎಂ.ಬಿ. ಇರಲಿ, ಜಾಲವು ಸೆಕೆಂಡಿಗೆ 100 ಎಂ.ಬಿ. ಸಾಗಿಸಲಿ, ಯಂತ್ರವು ನಡೆಯುತ್ತಲೇ ಸೆಕೆಂಡಿಗೆ 10 ಎಂ.ಬಿ.ಯಷ್ಟು ಮೆಮೊರಿಯನ್ನು ಬದಲಿಸುತ್ತಿರಲಿ. ಮೊದಲ ಸುತ್ತಿಗೆ 20 ಸೆಕೆಂಡು ಬೇಕು. ಅಷ್ಟರಲ್ಲಿ 200 ಎಂ.ಬಿ. ಬದಲಾಗಿರುತ್ತದೆ, ಅದನ್ನು ಸಾಗಿಸಲು 2 ಸೆಕೆಂಡು. ಆಗ ಬದಲಾದದ್ದು 20 ಎಂ.ಬಿ.; ಅದಕ್ಕೆ 0.2 ಸೆಕೆಂಡು. ಉಳಿದದ್ದು 2 ಎಂ.ಬಿ. ಮಾತ್ರವಾದಾಗ ಯಂತ್ರವನ್ನು ಕ್ಷಣಕಾಲ ತಡೆದು, ಅದನ್ನು 0.02 ಸೆಕೆಂಡಿನಲ್ಲಿ ಸಾಗಿಸಿ, ಹೊಸ ಜಾಗದಲ್ಲಿ ಮುಂದುವರಿಸುತ್ತಾರೆ. ಒಟ್ಟು 22.22 ಸೆಕೆಂಡಿನ ಪ್ರಯಾಣದಲ್ಲಿ ಬಳಸುವವನಿಗೆ ತಡೆ ಉಂಟಾದದ್ದು ರೆಪ್ಪೆ ಹೊಡೆಯುವುದಕ್ಕಿಂತ ಕಡಮೆ ಹೊತ್ತು. ಶ್ರೇಢಿಯ ಅನುಪಾತವು ಇಲ್ಲಿ 1/10. ಮೆಮೊರಿ ಬದಲಾಗುವ ವೇಗವು ಜಾಲದ ವೇಗಕ್ಕೆ ಸಮನಾದರೆ ಅನುಪಾತ 1 ಆಗಿ ಪ್ರಯಾಣವು ಎಂದಿಗೂ ಮುಗಿಯದು. ಬಿಡುವಿಲ್ಲದೆ ಬರೆಯುತ್ತಿರುವ ದತ್ತಸಂಚಯವನ್ನು ನಿಧಾನವಾದ ಜಾಲದ ಮೇಲೆ ಸಾಗಿಸಲು ಹೊರಟವರು ಏಕೆ ಸೋಲುತ್ತಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎರಡು ಯಂತ್ರಗಳ ಪ್ರೊಸೆಸರುಗಳು ಬೇರೆಬೇರೆ ಪೀಳಿಗೆಯವಾಗಿದ್ದರೆ, ಎರಡಕ್ಕೂ ಸಮಾನವಾಗಿರುವ ಆದೇಶಗಳನ್ನು ಮಾತ್ರ ಕಲ್ಪಿತಯಂತ್ರಕ್ಕೆ ತೋರಿಸಬೇಕೆಂಬುದನ್ನೂ ನೆನಪಿಡಬೇಕು.

7. ಸಾಧನಗಳ ಆಯ್ಕೆ

ಈ ಕೆಲಸಗಳನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ಮುಕ್ತ ತಂತ್ರಾಂಶಗಳು ಹಲವಿವೆ. 2010ರಲ್ಲಿ ನಾಸಾ ಮತ್ತು ರ್ಯಾಕ್‌ಸ್ಪೇಸ್ ಸಂಸ್ಥೆಗಳು ಆರಂಭಿಸಿದ ಓಪನ್‌ಸ್ಟ್ಯಾಕ್ ನೂರಾರು ಯಂತ್ರಗಳಿರುವ ಸಂಸ್ಥೆಗಳಿಗೆ ಒಪ್ಪುವಂಥದು. ಮೂರು ಯಂತ್ರಗಳಿಗೆ ಅದು ಹೊರಲಾರದ ಹೊರೆ. ನಮ್ಮ ಅಳತೆಗೆ ಎರಡು ಸಾಧನಗಳು ಸೂಕ್ತವೆಂದು ತೋರುತ್ತವೆ. ವಿಯೆನ್ನಾ ನಗರದಿಂದ 2008ರಲ್ಲಿ ಹೊರಬಂದ ಪ್ರಾಕ್ಸ್‌ಮಾಕ್ಸ್ ವಿ.ಇ. ಮೊದಲನೆಯದು, ಅದು ಡೆಬಿಯನ್ ಲಿನಕ್ಸಿನ ಮೇಲೆ ನಿಂತಿದ್ದು, ಬಹುಮತದ ಲೆಕ್ಕವನ್ನು ಕೊರೊಸಿಂಕ್ ಎಂಬ ಭಾಗಕ್ಕೆ ಒಪ್ಪಿಸಿದೆ, ಬ್ರೌಸರಿನ ಮೂಲಕವೇ ಎಲ್ಲವನ್ನೂ ನಿರ್ವಹಿಸಬಹುದು. 2023ರಲ್ಲಿ ಎಲ್.ಎಕ್ಸ್.ಡಿ.ಯಿಂದ ಕವಲೊಡೆದ ಇನ್ಕಸ್ ಎರಡನೆಯದು. ಅದು ಇನ್ನೂ ಹಗುರ. ಇನ್ಕಸ್ ತನ್ನ ದಾಖಲೆಗಳನ್ನು ಯಂತ್ರಗಳ ನಡುವೆ ಏಕರೂಪವಾಗಿ ಇಡಲು ರಾಫ್ಟ್ ವಿಧಾನವನ್ನು ಅನುಸರಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂಗಾರೊ ಮತ್ತು ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ಈ ವಿಧಾನವು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯಬೇಕೆಂಬ ಉದ್ದೇಶದಿಂದಲೇ ರಚಿತವಾದದ್ದು. ಆದುದರಿಂದ ಅಧ್ಯಾಪಕರು ತರಗತಿಯಲ್ಲಿ ಅದನ್ನು ಪಾಠವಾಗಿಯೂ ಹೇಳಬಹುದು.

ಮುಕ್ತ ತಂತ್ರಾಂಶವೇ ಏಕೆಂಬುದಕ್ಕೆ ಉಚಿತವೆಂಬುದೊಂದೇ ಕಾರಣವಲ್ಲ. ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದ್ದ ವಿ.ಎಂ.ವೇರ್ ಸಂಸ್ಥೆಯನ್ನು 2023ರಲ್ಲಿ ಬ್ರಾಡ್‌ಕಾಮ್ ಕೊಂಡ ಬಳಿಕ ಶಾಶ್ವತ ಪರವಾನಗಿಗಳ ಮಾರಾಟ ನಿಂತು ಚಂದಾ ಪದ್ಧತಿ ಬಂದಿತು. ವರ್ಷವರ್ಷವೂ ಮಂಜೂರಾತಿಗೆ ಕಾಯಬೇಕಾದ ಕಾಲೇಜಿಗೆ ಇಂತಹ ಪರಾಧೀನತೆ ಹಿತವಲ್ಲ. ಮೇಲಾಗಿ, ಒಳಗೆ ಏನಿದೆಯೆಂದು ತೆರೆದು ನೋಡಬಹುದಾದ ಸಾಧನವೇ ಕಲಿಸಲು ತಕ್ಕ ಸಾಧನ. ಯಂತ್ರಗಳನ್ನೂ ಹೊಸದಾಗಿ ಕೊಳ್ಳಬೇಕೆಂದಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಗೆ ಒಗ್ಗದ ಯಂತ್ರಗಳಲ್ಲಿ ಎಷ್ಟೋ ಲಿನಕ್ಸಿಗೆ ಚೆನ್ನಾಗಿ ಒಗ್ಗುತ್ತವೆ. ಅವುಗಳಿಗೆ ಮೆಮೊರಿಯನ್ನು ಹೆಚ್ಚಿಸಿ ಹೊಸ ಡಿಸ್ಕನ್ನು ಕೂಡಿಸಿದರೆ ಗುಚ್ಛದ ಸದಸ್ಯರಾಗಲು ಅರ್ಹವಾಗುತ್ತವೆ.

ಡಿಸ್ಕುಗಳ ವಿಚಾರದಲ್ಲಿ ಮಾತ್ರ ಆಸೆಯನ್ನು ಹಿಡಿತದಲ್ಲಿಡಬೇಕು. ಎಲ್ಲ ಯಂತ್ರಗಳ ಡಿಸ್ಕುಗಳನ್ನೂ ಒಂದೇ ಭಂಡಾರವಾಗಿಸುವ ಸೆಫ್ ಎಂಬ ವ್ಯವಸ್ಥೆಯಿದೆ. ವಾಡಿಕೆಯಂತೆ ಅದು ಪ್ರತಿಯೊಂದನ್ನೂ ಮೂರು ಪ್ರತಿಗಳಲ್ಲಿ ಇಡುವುದರಿಂದ ತಲಾ 1 ಟಿ.ಬಿ.ಯ ಮೂರು ಡಿಸ್ಕುಗಳಿಂದ ದೊರೆಯುವುದು 1 ಟಿ.ಬಿ.ಗಿಂತ ಹೆಚ್ಚಿಲ್ಲ. ಅದಕ್ಕೆ ವೇಗವಾದ ಜಾಲವೂ ಬೇಕು. ಸಾಮಾನ್ಯವಾದ ಗಿಗಾಬಿಟ್ ಜಾಲವು ಸೆಕೆಂಡಿಗೆ ಹೆಚ್ಚೆಂದರೆ 125 ಎಂ.ಬಿ. ಸಾಗಿಸಬಲ್ಲುದು, ಕೆಟ್ಟ ಡಿಸ್ಕಿನ 200 ಜಿ.ಬಿ.ಯನ್ನು ಮತ್ತೆ ತುಂಬಲು 1,600 ಸೆಕೆಂಡು, ಅಂದರೆ ಸುಮಾರು 27 ನಿಮಿಷ ಜಾಲವೆಲ್ಲ ಅದಕ್ಕೇ ಮೀಸಲಾಗುತ್ತದೆ. ಸಣ್ಣ ಗುಚ್ಛಕ್ಕೆ ಪ್ರತಿ ಯಂತ್ರದಲ್ಲಿಯೂ ಜೆಡ್.ಎಫ್.ಎಸ್. ಕಡತವ್ಯವಸ್ಥೆಯನ್ನಿಟ್ಟು, 15 ನಿಮಿಷಕ್ಕೊಮ್ಮೆ ಬದಲಾವಣೆಗಳನ್ನು ನೆರೆಯ ಯಂತ್ರಕ್ಕೆ ಕಳುಹಿಸುವ ಸರಳ ಮಾರ್ಗವೇ ಮೇಲು. ಯಂತ್ರವು ಹಠಾತ್ತನೆ ಕೆಟ್ಟರೆ ಕೊನೆಯ 15 ನಿಮಿಷಗಳ ಕೆಲಸವು ಹೋಗಬಹುದೆಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿರಬೇಕು.

8. ವಿದ್ಯುತ್ತು, ಬಿಸಿಲು, ಬೀಜದ ಕಾಳು

ಮೇಲಿನ ಸಂಭವನೀಯತೆಯ ಲೆಕ್ಕದಲ್ಲಿ ಯಂತ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆಂದು ಭಾವಿಸಿದ್ದೆವು. ವಿದ್ಯುತ್ತು ಹೋದಾಗ ಈ ಭಾವನೆ ಸುಳ್ಳಾಗುತ್ತದೆ. ಮೂರೂ ಒಟ್ಟಿಗೆ ಕೆಡುತ್ತವೆ. ಆದುದರಿಂದ ಬ್ಯಾಟರಿಯ ಲೆಕ್ಕವನ್ನು ಮಾಡಲೇಬೇಕು. ಯಂತ್ರಕ್ಕೆ 60 ವಾಟಿನಂತೆ ಮೂರಕ್ಕೆ 180, ಜಾಲದ ಸ್ವಿಚ್ಚಿಗೆ 20, ಒಟ್ಟು 200 ವಾಟ್ ಎಂದುಕೊಳ್ಳೋಣ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿರುವುದು 3,600 ವಾಟ್-ಗಂಟೆ. ಬ್ಯಾಟರಿಯ ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರಿನಲ್ಲಿ ನೂರಕ್ಕೆ 15ರಷ್ಟು ನಷ್ಟವನ್ನು ಕಳೆದರೆ ಉಳಿಯುವುದು 1,530. ಏಳೂವರೆ ಗಂಟೆಗಳ ಕಾಲ ಸಾಕು. ಬ್ಯಾಟರಿ ಮುಗಿಯುವ ಮುನ್ನ ಯಂತ್ರಗಳನ್ನು ಕ್ರಮವಾಗಿ ನಿಲ್ಲಿಸುವ ಕೆಲಸವನ್ನು ನಟ್ ಎಂಬ ಮುಕ್ತ ತಂತ್ರಾಂಶಕ್ಕೆ ವಹಿಸಬಹುದು. ಕಲಬುರಗಿ ಸೀಮೆಯ ಬೇಸಗೆಯಲ್ಲಿ ಹೊರಗಣ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಎಲ್ಲರೂ ಬಲ್ಲ ಸಂಗತಿ. ಪಡುವಣ ಗೋಡೆಯ ಬಿಸಿಲು ತಾಗದ, ಗಾಳಿಯಾಡುವ ಕೋಣೆಯನ್ನು ಆರಿಸಿ, ಸುಣ್ಣದ ಕಲ್ಲಿನ ಧೂಳು ಒಳಸೇರದಂತೆ ಕಿಟಕಿಗೆ ಜಾಲರಿ ಹಾಕಿ, ತಿಂಗಳಿಗೊಮ್ಮೆ ಫ್ಯಾನುಗಳನ್ನು ಶುಚಿಮಾಡಬೇಕು.

ಕೊನೆಯದಾಗಿ ಕಾಪುಪ್ರತಿಯ ಮಾತು. ಗುಚ್ಛವಿದೆಯೆಂದ ಮೇಲೆ ಕಾಪುಪ್ರತಿ ಏಕೆಂದು ಕೇಳುವವರುಂಟು. ಗುಚ್ಛವು ಕಾಯುವುದು ಯಂತ್ರ ಕೆಡದಂತೆ. ಮನುಷ್ಯ ತಪ್ಪದಂತೆ ಅಲ್ಲ. ವಿದ್ಯಾರ್ಥಿಯು ಕೈತಪ್ಪಿ ಅಳಿಸಿದ ಕಡತವು ಮೂರು ಯಂತ್ರಗಳಲ್ಲಿಯೂ ನಿಷ್ಠೆಯಿಂದ ಅಳಿದುಹೋಗುತ್ತದೆ. ನಮ್ಮ ಹಿರಿಯರು ಉಣ್ಣುವ ಜೋಳವನ್ನು ಹಗೇವಿನಲ್ಲಿ ತುಂಬಿದರೂ ಬಿತ್ತುವ ಬೀಜವನ್ನು ಬೇರೆಯಾಗಿಯೇ ಕಾಪಾಡುತ್ತಿದ್ದರು. ಅಂತೆಯೇ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ನಿಯಮವನ್ನು ಪಾಲಿಸಬೇಕು. ಪಹಣಿ ಪತ್ರಿಕೆಗಳೂ ಭೂಮಿ ಯೋಜನೆಯಿಂದ ಗಣಕಕ್ಕೆ ಸೇರಿರುವ ಈ ಕಾಲದಲ್ಲಿ, ರೈತನ ಹೊಲವೂ ಒಂದು ಡಿಸ್ಕಿನ ಮೇಲಿನ ಬರಹವಾಗಿದೆ. ಅಂತಹ ದಾಖಲೆಗಳನ್ನು ನಾಳೆ ಕಾಯಬೇಕಾದವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ.

9. ಉಪಸಂಹಾರ

ಕೆಲಸದ ಕ್ರಮವನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇವೆ. ಮೊದಲು ಪ್ರೊಸೆಸರಿನಲ್ಲಿ ಕಲ್ಪಿತಯಂತ್ರದ ಬೆಂಬಲವು ಇದೆಯೇ, ಬಯಾಸಿನಲ್ಲಿ ಅದನ್ನು ತೆರೆದಿದ್ದಾರೆಯೇ ಎಂದು ಪರೀಕ್ಷಿಸಬೇಕು. ಪ್ರತಿ ಯಂತ್ರಕ್ಕೂ ಸ್ಥಿರವಾದ ಹೆಸರು, ವಿಳಾಸಗಳನ್ನು ಕೊಟ್ಟು, ಎಲ್ಲ ಗಡಿಯಾರಗಳನ್ನೂ ಒಂದೇ ಕಾಲಕ್ಕೆ ಹೊಂದಿಸಬೇಕು. ಬಳಿಕ ಗುಚ್ಛವನ್ನು ಕೂಡಿಸಿ, ಮೂಲಪ್ರತಿಯನ್ನು ಸಿದ್ಧಪಡಿಸಿ, ಮಾಡಿದ್ದನ್ನೆಲ್ಲ ಆನ್ಸಿಬಲ್‌ನಂತಹ ಸಾಧನದ ಮೂಲಕ ಬರಹದಲ್ಲಿ ಇರಿಸಬೇಕು. ಇಂದು ಕಟ್ಟಿದ ಅಧ್ಯಾಪಕರು ನಾಳೆ ವರ್ಗವಾಗಿ ಹೋದರೂ ಬರಹ ಉಳಿಯುತ್ತದೆ.

ವಿದ್ಯಾರ್ಥಿಗಳನ್ನು ಅದರ ಮೇಲೆ ಕೂರಿಸುವ ಮೊದಲು ಎರಡು ಪರೀಕ್ಷೆಗಳಾಗಬೇಕು. ಗುಚ್ಛವು ನಡೆಯುತ್ತಿರುವಾಗಲೇ ಒಂದು ಯಂತ್ರದ ಜಾಲದ ತಂತಿಯನ್ನು ನಮ್ಮ ಕೈಯಿಂದಲೇ ಕಿತ್ತು, ಏನಾಗುವುದೆಂದು ಗಡಿಯಾರ ಹಿಡಿದು ನೋಡಬೇಕು. ಕಾಪುಪ್ರತಿಯಿಂದ ಒಂದು ಕಲ್ಪಿತಯಂತ್ರವನ್ನು ನಿಜವಾಗಿಯೂ ಮತ್ತೆ ಎಬ್ಬಿಸಿ ನೋಡಬೇಕು. ನಾವು ಈ ಎರಡನ್ನೂ ಮಾಡದೆ ಹೋದುದರ ಬೆಲೆಯನ್ನು ತೆತ್ತವರು ನಮ್ಮ ವಿದ್ಯಾರ್ಥಿಗಳು. ಈ ಲೇಖನವನ್ನು ಓದಿ ಗುಚ್ಛ ಕಟ್ಟುವ ಅಧ್ಯಾಪಕ ಮಿತ್ರರಿಗೆ ಆ ಬೆಲೆ ತಗಲದಿದ್ದರೆ ನಮ್ಮ ಶ್ರಮ ಸಾರ್ಥಕ.